ಒಂದು ಚಿತ್ರ, ಐವತ್ತು ಗೋಡೆ

(ದಾವಣಗೆರೆಯಲ್ಲಿ ಚಿತ್ರಕಲೆಯ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮಾತಿಗೆ ಮೊದಲು ಮೂರು ಕಾಗದದ ಪಟ್ಟಿಗಳನ್ನು ಮುಂದಿನ ಸಾಲಿನವರ ಕೈಗೆ ಕೊಟ್ಟಿದ್ದೇನೆ. ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ಹೋಗಿ. ಮೂರರಲ್ಲೂ ಇರುವುದು ಒಂದೇ ಚಿತ್ರದ ಒಂದೇ ತುಣುಕು. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಅರೆಯುತ್ತಿದ್ದ ದೊಡ್ಡ ಬೀಸುಕಲ್ಲುಗಳನ್ನು ನೀವೆಲ್ಲ ನೋಡಿದ್ದೀರಿ. ಅವುಗಳ ಪಕ್ಕದ ಬಂಡೆ ಅದು, ಮೇಲೆ ಸಂಜೆಯ ಬಿಸಿಲು. ಪಟ್ಟಿಗಳ ಹಿಂದೆ ಒಂದು, ಎರಡು, ಮೂರು ಎಂದು ಬರೆದಿದೆ. ಅವುಗಳ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಬಣ್ಣದ ಮೇಲೆ ಬೆರಳು ತಾಗಿಸದೆ ಅಂಚು ಹಿಡಿದು ನೋಡಿ.

ನಾನು ಚಿತ್ರದ ಪ್ರಿಂಟ್ ಮಾಡಿ ಮಾರಲು ಶುರು ಮಾಡಿದ್ದಕ್ಕೆ ಒಬ್ಬ ಹುಡುಗಿ ಕಾರಣ. ಇದೇ ಊರಿನಲ್ಲಿ ಒಂದು ಪ್ರದರ್ಶನದಲ್ಲಿ ನನ್ನ ಮಂಡಕ್ಕಿ ಭಟ್ಟಿಯ ಜಲವರ್ಣ ಚಿತ್ರವನ್ನು ಇಟ್ಟಿದ್ದೆ. ಕಾದ ಮರಳಿನಲ್ಲಿ ಅಕ್ಕಿ ಅರಳುವ ಆ ಒಂದು ಗಳಿಗೆ, ಹೊಗೆ, ಜರಡಿ ಹಿಡಿದ ಒಬ್ಬ ಹೆಂಗಸು. ಬೆಲೆ 12,000 ರೂಪಾಯಿ ಎಂದು ಚೀಟಿ ಅಂಟಿಸಿದ್ದೆ. ನರ್ಸಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಅದರ ಮುಂದೆ ಕಾಲು ಗಂಟೆ ನಿಂತಳು. ಆಮೇಲೆ ಬಂದು, "ಅಕ್ಕಾ, ಒಂದು ಫೋಟೊ ತೆಗೆದುಕೊಳ್ಳಲೇ? ನಮ್ಮ ಅಜ್ಜಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದರು" ಎಂದು ಕೇಳಿದಳು. ತೆಗೆದುಕೋ ಎಂದೆ. ಮೊಬೈಲಿನಲ್ಲಿ ತೆಗೆದು ನನಗೂ ತೋರಿಸಿದಳು. ಕಟ್ಟಿನ ಗಾಜಿನ ಮೇಲೆ ಟ್ಯೂಬ್‌ಲೈಟಿನ ಬಿಳಿ ಗೆರೆ ಬಿದ್ದು, ಸರಿಯಾಗಿ ಆ ಹೆಂಗಸಿನ ಮುಖವೇ ಅಳಿಸಿಹೋಗಿತ್ತು. ಅಷ್ಟನ್ನೇ ಇಟ್ಟುಕೊಂಡು ಅವಳು ಖುಷಿಯಿಂದ ಹೋದಳು. ಮೂರು ವಾರದ ಮೇಲೆ ಮೂಲಚಿತ್ರ ಮಾರಾಟವಾಗಿ ಬೇರೆ ಊರಿನ ಒಂದು ಮನೆಯ ಹಜಾರ ಸೇರಿತು. ಯಾರ ಬದುಕನ್ನು ನೋಡಿ ಬರೆದೆನೋ ಅವರ ಮೊಮ್ಮಗಳ ಪಾಲಿಗೆ ಉಳಿದದ್ದು ಮುಖವಿಲ್ಲದ ಫೋಟೊ. ಇದು ನನ್ನನ್ನು ಬಹಳ ದಿನ ಕಾಡಿತು.

ಪ್ರಿಂಟ್ ಎನ್ನುವ ಒಂದೇ ಮಾತನ್ನು ನಾವು ಎರಡು ಬೇರೆ ವಸ್ತುಗಳಿಗೆ ಬಳಸುತ್ತೇವೆ. ನೀವು ತರಗತಿಯಲ್ಲಿ ಲಿನೋ ಎಂಬ ಮೆತ್ತನೆಯ ಹಾಳೆ ಕೆತ್ತಿ, ಶಾಯಿ ಉರುಳಿಸಿ, ಕೈಯಿಂದ ಒತ್ತಿ ತೆಗೆಯುತ್ತೀರಲ್ಲ, ಅದು ಮುದ್ರಣಕಲೆ. ಅಲ್ಲಿ ಒಂದೊಂದು ಹಾಳೆಯೂ ಮೂಲಕೃತಿಯೇ. ನಾನು ಮಾರುವುದು ಅದಲ್ಲ. ಬರೆದು ಮುಗಿಸಿದ ಚಿತ್ರವನ್ನು ಸೆರೆಹಿಡಿದು, ಯಂತ್ರದಲ್ಲಿ ಅಚ್ಚು ಹಾಕಿಸಿದ ಪ್ರತಿ. ಕೊಳ್ಳುವವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ. "ಇದು ಮೂಲಚಿತ್ರವಲ್ಲ, ಪ್ರತಿ" ಎಂದು ನಾವೇ ಮೊದಲು ಹೇಳಬೇಕು, ಹಿಂಬದಿಯ ಚೀಟಿಯಲ್ಲಿ ಬರೆಯಬೇಕು. ಹೇಳಿದರೆ ಕೊಳ್ಳುವುದಿಲ್ಲವೇನೋ ಎಂಬ ಭಯ ಬೇಡ. ನಾನು ಒಂಬತ್ತು ವರ್ಷದಿಂದ ಹೇಳಿಯೇ ಮಾರುತ್ತಿದ್ದೇನೆ.

ಪ್ರತಿ ಎಂದರೆ ಕೀಳು ಎಂದುಕೊಳ್ಳುವವರು ನಿಮ್ಮ ಮನೆಯ ದೇವರ ಕೋಣೆಗೆ ಹೋಗಿ ನೋಡಬೇಕು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಒಂದರ ಮೇಲೊಂದು ಒತ್ತು. ಅರಮನೆಯವರು ಮಾತ್ರ ನೋಡುತ್ತಿದ್ದ ಅವರ ಲಕ್ಷ್ಮಿ, ಸರಸ್ವತಿಯರು ಹಾಗೆ ಮನೆಮನೆಗೆ ಬಂದರು. ಕೊಂಡ ಮನೆಯ ಹೆಂಗಸರು ಆ ಹಾಳೆಯ ಸೀರೆಗೆ ಜರಿ, ಮಣಿ ಹೊಲಿದು ತಮ್ಮದಾಗಿಸಿಕೊಂಡರು. ಆದರೆ ವ್ಯಾಪಾರವಾಗಿ ಅದು ರವಿವರ್ಮರ ಕೈ ಹಿಡಿಯಲಿಲ್ಲ. ಸಾಲ ಏರಿ, ಕೊನೆಗೆ ಅಲ್ಲಿ ತಂತ್ರಜ್ಞರಾಗಿದ್ದ ಜರ್ಮನಿಯ ಫ್ರಿಟ್ಜ್ ಶ್ಲೈಖರ್ ಅವರಿಗೆ ಮುದ್ರಣಾಲಯವನ್ನು ಮಾರಿದರು. ಅಷ್ಟು ದೊಡ್ಡ ಕಲಾವಿದರಿಗೂ ಲೆಕ್ಕ ಒಲಿಯಲಿಲ್ಲ ಎನ್ನುವುದನ್ನು ಮನಸ್ಸಿನಲ್ಲಿಡಿ. ಲೆಕ್ಕಕ್ಕೆ ಮುಂದೆ ಬರುತ್ತೇನೆ.

ನನ್ನ ತಂದೆ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ವರ್ಷ ಮುಗಿದ ಮೇಲೆ ಅಂಗಡಿಯ ಹಳೆಯ ಕ್ಯಾಲೆಂಡರನ್ನು ಮನೆಗೆ ತರುತ್ತಿದ್ದರು. ನಮ್ಮ ತಾಯಿ ತಿಂಗಳ ಹಾಳೆ ಕಿತ್ತು, ಚಿತ್ರವನ್ನು ಕತ್ತರಿಸಿ ಕಟ್ಟು ಹಾಕಿಸುತ್ತಿದ್ದರು. ಕಲಬುರಗಿಯ ಎಸ್.ಎಂ. ಪಂಡಿತರಂಥವರ ಕುಂಚ ನಮ್ಮಂಥ ಮನೆಗಳಿಗೆ ಬಂದದ್ದು ಕ್ಯಾಲೆಂಡರಿನ ದಾರಿಯಲ್ಲಿಯೇ. ಗೋಡೆಗೆ ಚಿತ್ರ ಬೇಕೆನ್ನುವ ಆಸೆ ಬಡವರ ಮನೆಯಲ್ಲೂ ಇದೆ ಎಂಬುದನ್ನು ನಾನು ಕಲಿತದ್ದು ಆ ಮೊಳೆಯ ಕೆಳಗೆ ಕೂತು.

ಈಗ ಕೆಲಸದ ಮಾತು. ಯಾವ ಚಿತ್ರವನ್ನು ಪ್ರಿಂಟ್ ಮಾಡಿಸಬೇಕು? ಎಲ್ಲವನ್ನೂ ಅಲ್ಲ. ಶುರುವಿನಲ್ಲಿ ನಾನು ಇಪ್ಪತ್ತೆರಡು ಚಿತ್ರ ಮಾಡಿಸಿದೆ. ಹದಿನೇಳರ ಪ್ರತಿಗಳು ಇಂದಿಗೂ ಕಪಾಟಿನಲ್ಲಿವೆ. ಓಬವ್ವನ ಚಿತ್ರ ಹೋಗಿಯೇ ಹೋಗುತ್ತದೆ ಎಂದುಕೊಂಡಿದ್ದೆ. ಆದರೆ ಅದನ್ನು ಎಲ್ಲರೂ ಬರೆಯುತ್ತಾರೆ, ಎಲ್ಲ ಕಡೆ ಸಿಗುತ್ತದೆ. ಹೋದವು ಯಾವುವು ಗೊತ್ತೇ? ಮಂಡಕ್ಕಿ ಭಟ್ಟಿ. ಬೆಣ್ಣೆ ದೋಸೆಯ ಕಾವಲಿ. ಸಂತೆಬೆನ್ನೂರಿನ ಪುಷ್ಕರಣಿಯಲ್ಲಿ ನೀರು ಇಳಿದು ಮೆಟ್ಟಿಲು ಕಾಣುವ ಬೇಸಿಗೆ. ಕೋಟೆಯ ಅಕ್ಕ ತಂಗಿಯರ ಹೊಂಡ. ಕೊಂಡವರಲ್ಲಿ ಹೆಚ್ಚಿನವರು ಇಲ್ಲಿ ಹುಟ್ಟಿ ಬೆಂಗಳೂರು, ಪುಣೆ, ಇನ್ನೂ ದೂರ ಹೋದವರು. ಮಾರುಕಟ್ಟೆ ಏನು ಕೇಳುತ್ತದೆ ಎಂದು ಊಹಿಸಿ ಬರೆದ ಚಿತ್ರಗಳು ನಿಂತವು. ನಾನು ಕೂತು, ಬೆವರಿ, ನೋಡಿ ಬರೆದವು ಹೋದವು. ಹಾಗಾಗಿ ಐದು ಚಿತ್ರದಿಂದ ಶುರು ಮಾಡಿ ಎನ್ನುತ್ತೇನೆ, ಐದಕ್ಕಿಂತ ಹೆಚ್ಚು ಬೇಡ.

ಚಿತ್ರವನ್ನು ಸೆರೆಹಿಡಿಯುವ ಹಂತದಲ್ಲಿಯೇ ಅರ್ಧ ವ್ಯಾಪಾರ ಕೆಡುತ್ತದೆ. ಇದನ್ನು ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳಿ. ಎ4 ಅಳತೆಯೊಳಗಿನ ಜಲವರ್ಣವಾದರೆ ಸ್ಕ್ಯಾನರ್ ಸಾಕು, ಆದರೆ 600 ಡಿಪಿಐಗೆ, ಅಂದರೆ ಅಂಗುಲಕ್ಕೆ 600 ಬಿಂದುವಿಗೆ, ಇಟ್ಟು ಸ್ಕ್ಯಾನ್ ಮಾಡಿ. ಅಚ್ಚಿಗೆ ಅಂಗುಲಕ್ಕೆ 300 ಬಿಂದು ಬೇಕು. 600ರಲ್ಲಿ ಹಿಡಿದರೆ ಉದ್ದ, ಅಗಲ ಎರಡನ್ನೂ ದುಪ್ಪಟ್ಟು ಮಾಡಿಯೂ ಅಚ್ಚು ಹಾಕಿಸಬಹುದು. ಎ3 ಹಾಳೆಗೆ 300ರಂತೆ ಲೆಕ್ಕ ಹಾಕಿದರೆ 3508 ಅಡ್ಡ, 4961 ಉದ್ದ, ಒಟ್ಟು ಸುಮಾರು 1.74 ಕೋಟಿ ಬಿಂದುಗಳು. ಕಡತ ಅದಕ್ಕಿಂತ ಚಿಕ್ಕದಿದ್ದರೆ ಬಂಡೆಯ ಮೇಲಿನ ಕುಂಚದ ಕಾಳುಕಾಳು ಗುರುತು ಮಂಜಾಗುತ್ತದೆ. ಇನ್ನೊಂದು ಮಾತು. ಪ್ರಿಂಟ್ ಮಾಡುವವರಿಗೆ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಬೇಡಿ, ಅದು ಕಡತವನ್ನು ಹಿಂಡಿ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಒಯ್ಯಿರಿ.

ದೊಡ್ಡ ಚಿತ್ರಕ್ಕೆ ಕ್ಯಾಮೆರಾ ಬೇಕು. ಚಿತ್ರವನ್ನು ಗೋಡೆಗೆ ನೇರ ನಿಲ್ಲಿಸಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಚಿತ್ರದ ನಡುಮಧ್ಯದ ಎತ್ತರಕ್ಕೆ, ಚಿತ್ರಕ್ಕೆ ಸಮಾನಾಂತರವಾಗಿ ಇಡಿ. ಎರಡು ಕಡೆಯಿಂದ ಒಂದೇ ಬಗೆಯ ಎರಡು ದೀಪ, ಎರಡೂ 45 ಡಿಗ್ರಿ ಓರೆಯಲ್ಲಿ. ಎದುರಿನಿಂದ ಬೆಳಕು ಬಿಟ್ಟರೆ ಆ ಹುಡುಗಿಯ ಫೋಟೊದಲ್ಲಿ ಬಿದ್ದ ಬಿಳಿ ಗೆರೆಯೇ ನಿಮಗೂ ಬೀಳುತ್ತದೆ. ಗಾಜಿನ ಹಿಂದಿರುವ ಚಿತ್ರವನ್ನು ಕಟ್ಟು ಬಿಚ್ಚದೆ ತೆಗೆಯಲೇಬೇಡಿ. ಮೊದಲ ಒಂದು ಫೋಟೊದಲ್ಲಿ ಚಿತ್ರದ ಪಕ್ಕ ಬೂದು ಬಣ್ಣದ ಕಾರ್ಡ್ ಇಟ್ಟುಕೊಳ್ಳಿ. ಬಣ್ಣ ಹದ ಮಾಡುವಾಗ ಅದೇ ಸಾಕ್ಷಿ.

ಹದ ಮಾಡುವುದೆಂದರೆ ಚಿತ್ರವನ್ನು ಚೆಂದ ಮಾಡುವುದಲ್ಲ. ಪರದೆಯಲ್ಲಿ ಬೆಳಕು ಉರಿಯುತ್ತಿರುತ್ತದೆ, ಕಾಗದದಲ್ಲಿ ಬೆಳಕು ತಿರುಗಿ ಬರುತ್ತದೆ. ಪರದೆಯಲ್ಲಿ ಹೊಳೆಯುವ ನೀಲಿ ಕಾಗದಕ್ಕೆ ಇಳಿದಾಗ ಮಂಕಾಗುವುದು ಸಹಜ. ಎಲ್ಲ ಬಣ್ಣವೂ ಅಚ್ಚಿನ ಶಾಯಿಗೆ ಎಟಕುವುದಿಲ್ಲ. ನಿಮ್ಮಲ್ಲಿ ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಬರೆಯುವವರು ಇದ್ದೀರಿ. ಚಿನ್ನದ ರೇಕು ಅಚ್ಚಿಗೆ ಬರುವುದೇ ಇಲ್ಲ, ಸ್ಕ್ಯಾನರ್ ಅದನ್ನು ಸಾಸಿವೆ ಬಣ್ಣದ ಕೊಳೆಯಂತೆ ನೋಡುತ್ತದೆ. ಅಂಥ ಚಿತ್ರಕ್ಕೆ ಪ್ರಿಂಟ್ ಬೇಡ ಎಂದು ನಿರ್ಧರಿಸುವುದೂ ಈ ಕಸುಬಿನ ಭಾಗವೇ. ಇಡೀ ಹಾಳೆ ಹಾಕಿಸುವ ಮೊದಲು ನಾಲ್ಕು ಅಂಗುಲದ ಪರೀಕ್ಷಾ ಪಟ್ಟಿ ತೆಗೆಸಿ, ಮೂಲಚಿತ್ರದ ಪಕ್ಕ ಹಗಲು ಬೆಳಕಿನಲ್ಲಿ ಹಿಡಿದು ನೋಡಿ. ನಾನು ಒಂದು ಚಿತ್ರಕ್ಕೆ ಏಳು ಪಟ್ಟಿ ತೆಗೆಸಿದ್ದೂ ಇದೆ. ಅಕ್ಕ ತಂಗಿಯರ ಹೊಂಡದ ನೀರಿನ ಹಸಿರು ಒಮ್ಮೆ ಪಾಚಿಯಾಗುತ್ತಿತ್ತು, ಒಮ್ಮೆ ಪ್ಲಾಸ್ಟಿಕ್ ಆಗುತ್ತಿತ್ತು. ಏಳನೆಯದು ನೀರಾಯಿತು.

ಇನ್ನು ಕಾಗದ ಮತ್ತು ಶಾಯಿ. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಮೊದಲ ಮೂವತ್ತು ಪ್ರತಿಗಳನ್ನು ಒಂದು ಅಂಗಡಿಯಲ್ಲಿ, ಹೊಳೆಯುವ ಫೋಟೊ ಕಾಗದದ ಮೇಲೆ, ಕಡಿಮೆ ದರಕ್ಕೆ ಹಾಕಿಸಿದೆ. ನೋಡಲು ಕಣ್ಣು ಕೋರೈಸುವಂತಿದ್ದವು. ಒಂದೂವರೆ ವರ್ಷದ ನಂತರ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದರು. ಪಶ್ಚಿಮದ ಕಿಟಕಿಯ ಎದುರು ತೂಗುಹಾಕಿದ್ದರಂತೆ. ಭಟ್ಟಿಯ ಬೆಂಕಿಯ ಕೆಂಪು ಪೂರ್ತಿ ಹೋಗಿ, ಹೆಂಗಸು ತಣ್ಣನೆಯ ನೀಲಿ ಬೂದಿಯ ಮುಂದೆ ಕೂತ ಹಾಗೆ ಕಾಣುತ್ತಿದ್ದಳು. ಅವರು ಬೈಯಲಿಲ್ಲ. "ನಮ್ಮ ಮನೆಯ ಬಿಸಿಲೇ ಜಾಸ್ತಿ ಇರಬೇಕಮ್ಮಾ" ಎಂದರು. ನಾನು ತಲೆತಗ್ಗಿಸಿದೆ. ಕೊಂಡವರಲ್ಲಿ ಗುರುತು ಸಿಕ್ಕ ಇಪ್ಪತ್ತಮೂರು ಜನರಿಗೂ ಹೊಸ ಪ್ರತಿ ಮಾಡಿಸಿ ಕೊಟ್ಟೆ. ಆ ವರ್ಷದ ಲಾಭ ಅಲ್ಲಿಗೆ ಮುಗಿಯಿತು.

ಕಾರಣ ಸರಳ. ಆ ಶಾಯಿ ಡೈ ಶಾಯಿ. ಸಕ್ಕರೆ ನೀರಿನಲ್ಲಿ ಕರಗಿದ ಹಾಗೆ ಅದರಲ್ಲಿ ಬಣ್ಣ ಕರಗಿರುತ್ತದೆ, ಬಿಸಿಲು ಅದನ್ನು ಬೇಗ ಮುರಿಯುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಪುಡಿಯೇ ಇರುತ್ತದೆ, ನೀರಿನಲ್ಲಿ ಕೆಮ್ಮಣ್ಣು ಕದಡಿದ ಹಾಗೆ. ಹಳ್ಳಿಯ ಗೋಡೆಯ ಕೆಮ್ಮಣ್ಣಿನ ಪಟ್ಟಿ ಎಷ್ಟು ಬಿಸಿಲು ತಿಂದರೂ ಕೆಂಪಾಗಿಯೇ ಉಳಿಯುವುದನ್ನು ನೋಡಿದ್ದೀರಲ್ಲ. ಕಾಗದದಲ್ಲೂ ಅಷ್ಟೇ. ಮರದ ತಿರುಳಿನಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿದ್ದರೆ ಕಾಗದ ಹಳೆಯ ವೃತ್ತಪತ್ರಿಕೆಯಂತೆ ಹಳದಿಯಾಗುತ್ತದೆ. ಹತ್ತಿಯ ನಾರಿನಿಂದ ಮಾಡಿದ ಆಮ್ಲರಹಿತ ಕಾಗದ ಹಾಗಾಗುವುದಿಲ್ಲ. ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ನಮ್ಮದು. ಹತ್ತಿಯ ಕಾಗದದ ಬೆಲೆಯನ್ನು ನಾವು ಬಲ್ಲೆವು ಎಂದುಕೊಂಡಿದ್ದೇನೆ.

ದೊಡ್ಡ ಊರಿನ ಮುದ್ರಕರು ನಿಮಗೆ 'ಜಿಕ್ಲೇ' ಎಂಬ ಪದ ಹೇಳುತ್ತಾರೆ. ಹೆದರಬೇಡಿ. 1991ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಶ್ ಎಡಿಷನ್ಸ್ ಎಂಬ ಮುದ್ರಣಾಲಯದಲ್ಲಿದ್ದ ಜ್ಯಾಕ್ ಡುಗಾನ್ ಎಂಬವರು ಇಟ್ಟ ಹೆಸರು ಅದು. ಶಾಯಿಯನ್ನು ಚಿಮುಕಿಸುವುದು ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಅಂದರೆ ಇಂಕ್‌ಜೆಟ್ಟೇ. ಹೆಸರು ಕೇಳಿ ದುಡ್ಡು ಕೊಡಬೇಡಿ. ಯಾವ ಶಾಯಿ, ಯಾವ ಕಾಗದ, ಎಷ್ಟು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ, ಎಂದು ಕೇಳಿ. ನನ್ನ ಪ್ರತಿಗಳು ಬೆಂಗಳೂರಿನಲ್ಲಿ ಅಚ್ಚಾಗಿ ಬಸ್ಸಿನ ಪಾರ್ಸೆಲ್‌ನಲ್ಲಿ ಬರುತ್ತವೆ. ಪೋಸ್ಟ್‌ಕಾರ್ಡ್‌ಗಳನ್ನು ಮಾತ್ರ ಇಲ್ಲಿಯೇ ಆಫ್‌ಸೆಟ್‌ನಲ್ಲಿ ಹಾಕಿಸುತ್ತೇನೆ. ಆಫ್‌ಸೆಟ್‌ಗೆ ಪ್ಲೇಟ್ ಮಾಡಬೇಕು, ಆದ್ದರಿಂದ ನೂರಾರು ಪ್ರತಿ ಒಟ್ಟಿಗೆ ಹಾಕಿಸಿದರೆ ಮಾತ್ರ ಗಿಟ್ಟುತ್ತದೆ. ಇಂಕ್‌ಜೆಟ್‌ನಲ್ಲಿ ಒಂದೇ ಪ್ರತಿ ಬೇಕಾದರೂ ತೆಗೆಸಬಹುದು. ಕೈಯಲ್ಲಿ ಬಂಡವಾಳ ಇಲ್ಲದವರಿಗೆ ಇದು ದೊಡ್ಡ ಅನುಕೂಲ: ಐದು ತೆಗೆಸಿ, ಮಾರಿ, ಮತ್ತೆ ಐದು ತೆಗೆಸಿ.

ಲೆಕ್ಕಕ್ಕೆ ಬರೋಣ. ಒಂದು ಎ4 ಪ್ರತಿಗೆ ನನ್ನ ಖರ್ಚು ಹೀಗಿದೆ. ಅಚ್ಚು 240 ರೂಪಾಯಿ. ಹಿಂಬದಿಯ ರಟ್ಟು, ಮೇಲಿನ ಪಾರದರ್ಶಕ ಕವರ್ ಸೇರಿ 30. ಚೀಟಿ 5. ಹೊರಗಿನ ಗಟ್ಟಿ ಲಕೋಟೆ 35. ಹತ್ತರಲ್ಲಿ ಒಂದು ಪ್ರತಿ ಮೂಲೆ ಮಡಿಸಿಯೋ ಕಲೆ ಬಿದ್ದೋ ಕೆಡುತ್ತದೆ, ಅದಕ್ಕೆ 30. ಒಟ್ಟು 340. ಅಂಚೆಗೆ ಇನ್ನೊಂದು 70 ಹಿಡಿದರೆ 410. ನಾನು ಶುರುವಿನಲ್ಲಿ ಇಟ್ಟ ಬೆಲೆ 500. ನೇರವಾಗಿ ಮಾರಿದರೆ 90 ಉಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆಮೇಲೆ ಉಡುಗೊರೆ ಅಂಗಡಿಯವರು ತಾವು ಮಾರಿಕೊಡುತ್ತೇವೆ ಎಂದರು, ನೂರಕ್ಕೆ ಮೂವತ್ತು ಕಮಿಷನ್. 500ರಲ್ಲಿ 150 ಅವರಿಗೆ, ಅಂಚೆ ಇಲ್ಲದ ಖರ್ಚು 340, ನನಗೆ ಉಳಿದದ್ದು ಹತ್ತು ರೂಪಾಯಿ. ಅಂಗಡಿಯವರದು ತಪ್ಪಲ್ಲ, ಅವರಿಗೂ ಬಾಡಿಗೆ, ಕರೆಂಟು ಇದೆ. ತಪ್ಪು ನನ್ನ ಬೆಲೆಯಲ್ಲಿತ್ತು. ಈಗ ಅದೇ ಪ್ರತಿಗೆ 900. ಅಂಗಡಿಯಿಂದ 290 ಉಳಿಯುತ್ತದೆ, ನೇರ ಮಾರಿದರೆ 490. ಅಂಗಡಿಯಲ್ಲಿ ಒಂದು ಬೆಲೆ, ಮನೆಯಲ್ಲಿ ಕಡಿಮೆ ಬೆಲೆ ಎಂದು ಮಾಡಬೇಡಿ. ಅದು ನಿಮ್ಮ ಪರವಾಗಿ ಮಾರುವವರ ಹೊಟ್ಟೆಗೆ ಹೊಡೆದ ಹಾಗೆ. 900 ಕೊಡಲಾಗದವರಿಗಾಗಿ 40 ರೂಪಾಯಿಯ ಪೋಸ್ಟ್‌ಕಾರ್ಡ್ ಇಟ್ಟಿದ್ದೇನೆ. ಆ ನರ್ಸಿಂಗ್ ಹುಡುಗಿಯನ್ನು ನೆನೆದೇ ಅದನ್ನು ಮಾಡಿಸಿದ್ದು.

ಸೀಮಿತ ಆವೃತ್ತಿಯ ಮಾತು. ಒಂದು ಚಿತ್ರಕ್ಕೆ ಐವತ್ತೇ ಪ್ರತಿ ಎಂದು ಹೇಳಿದರೆ ಐವತ್ತೇ. ಪ್ರತಿಯ ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲಿನಿಂದ ಎಡಕ್ಕೆ ಸಂಖ್ಯೆ, 14/50 ಎಂಬಂತೆ, ನಡುವೆ ಹೆಸರು, ಬಲಕ್ಕೆ ಸಹಿ. ಇದು ಮುದ್ರಣಕಲೆಯವರ ಪದ್ಧತಿ, ನಾವು ಎರವಲು ಪಡೆದದ್ದು. ಎರವಲು ಪಡೆದ ಮೇಲೆ ಅದರ ಶಿಸ್ತನ್ನೂ ಪಡೆಯಬೇಕು. ತಂದೆಯವರ ಅಂಗಡಿಯ ಹಾಗೆ ನಾನು ಕಿರ್ದಿ ಪುಸ್ತಕ ಇಟ್ಟಿದ್ದೇನೆ: ಯಾವ ಸಂಖ್ಯೆ, ಯಾವ ದಿನ, ಯಾರಿಗೆ, ಎಷ್ಟಕ್ಕೆ. ಅದನ್ನು ಬರೆಯದೆ ಉದಾಸೀನ ಮಾಡಿದ ಒಂದು ತಿಂಗಳಿನಲ್ಲಿ ಇಬ್ಬರಿಗೆ 14ನೇ ಸಂಖ್ಯೆ ಹೋಯಿತು. ಇಬ್ಬರಿಗೂ ಫೋನ್ ಮಾಡಿ ತಪ್ಪು ಒಪ್ಪಿಕೊಂಡು, ಎರಡನೆಯವರ ಹಾಳೆಯನ್ನು ವಾಪಸು ತರಿಸಿ 15ನೇ ಪ್ರತಿಯನ್ನು ಕಳಿಸಿದೆ. ಪುಷ್ಕರಣಿಯ ಐವತ್ತೂ ಮುಗಿದ ಮೇಲೆ ಬೆಂಗಳೂರಿನ ಒಂದು ಕಚೇರಿಯವರು ಉಡುಗೊರೆಗೆಂದು ಇನ್ನೂ ಮೂವತ್ತು ಕೇಳಿದರು. ಆಗ ನನಗೆ ದುಡ್ಡಿನ ಅಗತ್ಯ ಬಹಳವಿತ್ತು. ಆದರೆ ಐವತ್ತು ಮನೆಯವರಿಗೆ ಮಾತು ಕೊಟ್ಟಾಗಿತ್ತು. ಬೇರೆ ಚಿತ್ರ ತೋರಿಸಿದೆ, ಅವರು ಬೇಡವೆಂದರು. ಹಾಗಾಗುವುದೂ ಉಂಟು. ಆ ಮಾತಿನ ಭಾರ ಬೇಡವೆನಿಸಿದರೆ ಸಂಖ್ಯೆ ಹಾಕದೆ ಮುಕ್ತ ಆವೃತ್ತಿ ಎಂದೇ ಹೇಳಿ ಮಾರಿ. ಅದರಲ್ಲಿ ಅವಮಾನವೇನೂ ಇಲ್ಲ. ನನ್ನ ದೋಸೆ ಕಾವಲಿಯ ಚಿತ್ರ ಮುಕ್ತವಾಗಿಯೇ ಇದೆ.

ಕಾನೂನನ್ನು ಕಲಾವಿದರು ಕಡೆಗಣಿಸುತ್ತಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ನಿಮ್ಮ ಜೀವಿತಾವಧಿ, ಆಮೇಲೆ 60 ವರ್ಷ. ಮೂಲಚಿತ್ರವನ್ನು ಮಾರಿದಿರಿ ಎಂದ ಮಾತ್ರಕ್ಕೆ ಪ್ರತಿ ಮಾಡುವ ಹಕ್ಕು ಮಾರಿದಂತಲ್ಲ. ಅದು ಹೋಗಬೇಕಾದರೆ ಬರವಣಿಗೆಯಲ್ಲಿ ಒಪ್ಪಂದವಾಗಬೇಕು. ಆದರೆ ಒಂದು ಗುಂಡಿ ಇದೆ, ನಾನು ಅದರಲ್ಲಿ ಬಿದ್ದೆ. ಹೋಟೆಲಿನವರೊಬ್ಬರು ಹೇಳಿ, ದುಡ್ಡು ಕೊಟ್ಟು, ಹರಿಹರದ ತುಂಗಭದ್ರೆಯ ದಡವನ್ನು ಬರೆಸಿದರು. ಮರುವರ್ಷ ಅದು ಅವರ ಕ್ಯಾಲೆಂಡರಿನಲ್ಲಿತ್ತು. ಜಗಳಕ್ಕೆಂದು ವಕೀಲರ ಬಳಿ ಹೋದೆ. ಅವರು ಕಾಯ್ದೆಯ 17ನೇ ಸೆಕ್ಷನ್ ಓದಿ ತೋರಿಸಿದರು: ಬೇರೆಯವರ ಕೋರಿಕೆಯ ಮೇಲೆ, ಸಂಭಾವನೆಗೆ ಬರೆದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದೇ. ಅಂದಿನಿಂದ ಬರೆಸಿಕೊಳ್ಳುವವರ ಜೊತೆ ಅರ್ಧ ಪುಟದ ಒಪ್ಪಂದ ಮಾಡಿಕೊಳ್ಳುತ್ತೇನೆ. "ಚಿತ್ರ ನಿಮ್ಮದು, ಪ್ರತಿ ಮಾಡುವ ಹಕ್ಕು ನನ್ನದು" ಎಂದು ಬರೆದು ಇಬ್ಬರೂ ಸಹಿ ಹಾಕುವುದು. ಹಕ್ಕಿನ ಮಾತು ನಿಮ್ಮ ಕಡೆಗೂ ತಿರುಗುತ್ತದೆ. ಕೋಟೆಯಲ್ಲಿ ಕೂತು ನೀವೇ ಕಂಡು ಬರೆದರೆ ಅದು ನಿಮ್ಮದು. ಯಾರೋ ತೆಗೆದ ಫೋಟೊವನ್ನು ಗೆರೆಗೆ ಗೆರೆ ಎತ್ತಿ ಬರೆದು ಪ್ರಿಂಟ್ ಮಾರಿದರೆ ಅದು ಇನ್ನೊಬ್ಬರ ದುಡಿಮೆಯ ಮೇಲೆ ಕೈ ಹಾಕಿದಂತೆ.

ಜಿಎಸ್‌ಟಿ ಬಗ್ಗೆ ಒಂದೇ ಮಾತು. ಚಿಕ್ಕ ವಹಿವಾಟಿಗೆ ವಿನಾಯಿತಿಯ ಮಿತಿ ಇದೆ ಎಂದು ನಿಶ್ಚಿಂತರಾಗಬೇಡಿ, ರಾಜ್ಯದ ಹೊರಗೆ ಸರಕು ಮಾರುವಾಗ ನಿಯಮ ಬೇರೆಯೇ ಇದೆ. ಮೊದಲ ಹೊರರಾಜ್ಯದ ಆರ್ಡರ್‌ಗೆ ಮುನ್ನ ಲೆಕ್ಕಪರಿಶೋಧಕರೊಬ್ಬರನ್ನು ಕಾಣಿ.

ಕೊಂಡವರಿಗೆ ಪ್ರತಿಯ ಜೊತೆ ಒಂದು ಚೀಟಿ ಕೊಡುತ್ತೇನೆ. ಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟಿನ ಅಂತರವಿರಲಿ ಎಂದು ಅದರಲ್ಲಿ ಬರೆದಿದೆ. ಮಳೆಗಾಲದ ತೇವಕ್ಕೆ ಚಿತ್ರ ಗಾಜಿಗೆ ಅಂಟಿಕೊಂಡರೆ ಬಿಡಿಸಲಾಗುವುದಿಲ್ಲ. ನೇರ ಬಿಸಿಲು ಬೀಳುವ ಗೋಡೆ ಬೇಡ ಎಂದೂ ಬರೆದಿದೆ. ಆ ಶಿಕ್ಷಕಿ ಬಂದು ಹೋದ ಮೇಲೆ ಸೇರಿಸಿದ ಸಾಲು ಅದು.

ಪಟ್ಟಿಗಳು ಹಿಂದಿನ ಸಾಲಿನವರೆಗೆ ಹೋದಂತಿದೆ. ಮೂರನ್ನೂ ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ನಮ್ಮ ಮನೆಯ ಪಶ್ಚಿಮದ ಕಿಟಕಿಗೆ ಅಂಟಿಸಿ, ಹತ್ತು ತಿಂಗಳು ಬಿಟ್ಟಿದ್ದೆ. ಈ ಊರಿನ ಒಂದು ಇಡೀ ಬೇಸಿಗೆ ಅವುಗಳ ಮೇಲೆ ಹಾದುಹೋಗಿದೆ. ಒಂದನೆಯದರಲ್ಲಿ ಬಂಡೆಯ ಮೇಲಿನ ಬಿಸಿಲು ಅರ್ಧಕ್ಕೇ ನಿಂತುಹೋಗಿದೆ, ಯಾರಿಗೂ ಹೇಳಬೇಕಾಗಿಲ್ಲ. ಎರಡನೆಯದು ಅದೇ ಡೈ ಶಾಯಿ, ಒಳ್ಳೆಯ ಕಾಗದ. ಮೂರನೆಯದು ಹತ್ತಿಯ ಕಾಗದ, ಪಿಗ್ಮೆಂಟ್ ಶಾಯಿ, ನಾನು ಮಾರುವುದು. ಅದರಲ್ಲಿ ಮುಚ್ಚಿದ ಭಾಗ ಎಲ್ಲಿ ಮುಗಿಯುತ್ತದೆ, ಬಿಸಿಲು ತಿಂದ ಭಾಗ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿ. ಈ ಟ್ಯೂಬ್‌ಲೈಟಿನ ಕೆಳಗೆ ಬೇಡ, ಕಿಟಕಿಯ ಹತ್ತಿರ ಒಯ್ದು ನೋಡಿ.